ಪದ ಪರಿಚಯ: ಜಾಲ

ಜಾಲ (ನಾಮಪದ). ಸಂಸ್ಕೃತದಿಂದ ಬಂದದ್ದು, ಮೂಲಾರ್ಥ ಬಲೆ. ಮೀನು ಹಿಡಿಯುವುದಕ್ಕೆ ಕನ್ನಡಿಗರು ‘ಬಲೆ’ಯನ್ನೇ ಉಳಿಸಿಕೊಂಡು, ‘ಜಾಲ’ವನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಗುಡಿಯ ಗೋಡೆಯಲ್ಲಿ ಕಲ್ಲು ಕೊರೆದ ಕಿಂಡಿ ಜಾಲಂಧ್ರ, ಕಣ್ಕಟ್ಟು ಇಂದ್ರಜಾಲ, ಪೊಲೀಸರು ಭೇದಿಸುವುದು ಕಳ್ಳಸಾಗಣೆ ಜಾಲ.

ಈ ಅಡ್ಡ ಅರ್ಥಗಳ ನಡುವೆ ಕಂಪ್ಯೂಟರು ಪದಕ್ಕೆ ಮರ್ಯಾದೆ ತಂದಿತು. ಎರಡು ಅಥವಾ ಹೆಚ್ಚು ಯಂತ್ರಗಳು ತಂತಿಯಿಂದಲೋ ವೈಫೈನಿಂದಲೋ ಬೆಸೆದುಕೊಂಡು ಮಾಹಿತಿ ಹಂಚಿಕೊಂಡರೆ ಅದು ಜಾಲ. ಒಂದೇ ಕಚೇರಿಯೊಳಗಿನದು ಸ್ಥಳೀಯ ಜಾಲ. ಜಗತ್ತಿನ ಜಾಲಗಳೆಲ್ಲ ಕೂಡಿದ್ದು ಅಂತರ್ಜಾಲ. ಭಾರತದಲ್ಲಿ ಇದು ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಕಳಿಸಿದ ಫೋಟೊ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು ಹೊರಡುತ್ತದೆ. ಒಂದೊಂದರ ಮೇಲೂ ತಲುಪಬೇಕಾದ ವಿಳಾಸ. ರಾಮಗಿರಿಯಿಂದ ಚಿತ್ರದುರ್ಗಕ್ಕೆ ರೈಲಿನಲ್ಲಿ ಹೋಗುವವರು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ದಾರಿ ಬದಲಿಸುವಂತೆ, ಪ್ಯಾಕೆಟ್ಟುಗಳು ರೂಟರ್‌ನಲ್ಲಿ ಮುಂದಿನ ದಾರಿ ಹಿಡಿಯುತ್ತವೆ. ವಿಳಾಸ ಓದಿ ದಾರಿ ತೋರುವುದೇ ರೂಟರ್ ಕೆಲಸ. ತಲುಪಿದ ಮೇಲೆ ಚೂರುಗಳು ಮತ್ತೆ ಜೋಡಣೆಯಾಗುತ್ತವೆ. ದಾರಿಯಲ್ಲಿ ಕಳೆದುಹೋದ ಚೂರನ್ನು ಮತ್ತೆ ಕಳಿಸುವ ವ್ಯವಸ್ಥೆಯೂ ಇದೆ.

ಈ ಅಂತರ್ಜಾಲ ಹಳ್ಳಿಗಳಿಗೂ ತಲುಪಲೆಂದು ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದರ ಹೆಸರು ಭಾರತ್‌ನೆಟ್.

ಬಳಕೆ: ಬರಹದಲ್ಲಿ ಅಂತರ್ಜಾಲ, ಜಾಲತಾಣ, ಸಾಮಾಜಿಕ ಜಾಲತಾಣ ಎಂದು ಧಾರಾಳ. ಮಾತಿನಲ್ಲಿ ಮಾತ್ರ ‘ನೆಟ್ ಬರ್ತಿಲ್ಲ’, ‘ನೆಟ್‌ವರ್ಕ್ ಇಲ್ಲ’. ‘ಜಾಲ ಬರ್ತಿಲ್ಲ’ ಎಂದು ಯಾರೂ ಅನ್ನುವುದಿಲ್ಲ.