ಹುಸೇನ್ ಸಾಗರದ ಬುದ್ಧ: ಮುಳುಗಿ ಎದ್ದ ಕಲ್ಲಿನ ಕಥೆ



ನಮ್ಮ ಭಾಗದವರಿಗೆ ಹೈದ್ರಾಬಾದ್ ಪರಸ್ಥಳವಲ್ಲ. 1956ರವರೆಗೆ ನಾವೂ ಅದೇ ರಾಜ್ಯದವರು. ಇಂದಿಗೂ ದವಾಖಾನೆಗೆ, ಬೀಗರ ಮನೆಗೆ ಅಂತ ಹೋಗಿ ಬರುತ್ತಲೇ ಇರುತ್ತೇವೆ. ಹೋದವರು ಟ್ಯಾಂಕ್ ಬಂಡ್ ಮೇಲೆ ನಿಂತು ನೀರಿನ ನಡುವಿನ ಬುದ್ಧನಿಗೆ ಕೈಮುಗಿಯದೆ ಬರುವುದಿಲ್ಲ. ಆದರೆ ಆ ಮೂರ್ತಿ ಅಲ್ಲಿಗೆ ಬಂದ ಬಗೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಕೆರೆ ಹಳೆಯದು. 1562ರ ಸುಮಾರಿಗೆ ಇಬ್ರಾಹಿಂ ಕುತುಬ್ ಷಾನ ಕಾಲದಲ್ಲಿ ಕಟ್ಟಿಸಿದ್ದು. ಊರು ಹುಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಕೆರೆಯೇ ಹಿರಿಯದು!

ಮುಖ್ಯಮಂತ್ರಿಯಾಗಿದ್ದ ಎನ್.ಟಿ. ರಾಮರಾವ್ ಅವರು ಅಮೇರಿಕಾದಲ್ಲಿ ನೀರಿನ ನಡುವೆ ನಿಂತ ಸ್ವಾತಂತ್ರ್ಯ ದೇವಿಯ ಪ್ರತಿಮೆ ನೋಡಿ ಬಂದು, ನಮ್ಮಲ್ಲೂ ಅಂಥದ್ದು ಆಗಬೇಕೆಂದು ಮನಸ್ಸು ಮಾಡಿದರು. ರಾಯಗಿರಿ ಹತ್ತಿರ ಒಂದೇ ಬಂಡೆ ಸಿಕ್ಕಿತು. ಗಣಪತಿ ಸ್ಥಪತಿಗಳ ಮೇಲ್ವಿಚಾರಣೆಯಲ್ಲಿ ಶಿಲ್ಪಿಗಳು ಸುಮಾರು 58 ಅಡಿಯ ಮೂರ್ತಿ ಕಡೆದರು. ತೂಕ ಸುಮಾರು 350 ಟನ್. ಲಾರಿಗೆ ಹತ್ತು ಟನ್ ಕಬ್ಬು ಅಂತ ಹಿಡಿದರೂ 35 ಲಾರಿ ಭಾರ ಒಂದೇ ಕಲ್ಲಿನಲ್ಲಿ ನೋಡ್ರಿ. ಶ್ರವಣಬೆಳಗೊಳದ ಗೊಮ್ಮಟನೂ ಹೆಚ್ಚು ಕಡಿಮೆ ಇಷ್ಟೇ ಎತ್ತರ, ಆದರೆ ಅವನನ್ನು ಬೆಟ್ಟದ ಮೇಲೆ ಇದ್ದಲ್ಲೇ ಕಡೆದರು. ಧರ್ಮಸ್ಥಳದ 39 ಅಡಿ ಬಾಹುಬಲಿ 1973ರಲ್ಲಿ ಕಾರ್ಕಳದಿಂದ ರಸ್ತೆ ಮೇಲೆ ಬಂದ. ಈ ಬುದ್ಧ ಮಾತ್ರ ರಸ್ತೆಯನ್ನೂ ದಾಟಬೇಕು, ನೀರನ್ನೂ ದಾಟಬೇಕು.

1990ನೇ ಮಾರ್ಚ್ 10. ಮೂರ್ತಿಯನ್ನು ಮಲಗಿಸಿ ದೊಡ್ಡ ತೆಪ್ಪದ ಮೇಲೆ ಸಾಗಿಸುತ್ತಿದ್ದರು. ದಡ ಬಿಟ್ಟು ಬಹಳ ದೂರ ಹೋಗಿರಲಿಲ್ಲ, ತೆಪ್ಪ ವಾಲಿತು. ಮೂರ್ತಿ ಜಾರಿ ಕೆರೆಯ ತಳ ಸೇರಿತು, ಜೊತೆಗಿದ್ದ ಹಲವರು ಜೀವ ಕಳೆದುಕೊಂಡರು. ಕೂಲಿಗೆಂದು ಬೆಳಿಗ್ಗೆ ಮನೆ ಬಿಟ್ಟವರು ಸಂಜೆ ತಿರುಗಿ ಬರಲಿಲ್ಲ. ಬುದ್ಧನ ಫೋಟೋ ತೆಗೆಸಿಕೊಂಡು ಬರುವ ನಾವು ಅವರ ಮಾತು ಎತ್ತುವುದೇ ಇಲ್ಲ. ಅದು ನಮಗೆ ಸರಿ ಕಾಣುವುದಿಲ್ಲ.

ಎರಡು ವರ್ಷದ ಮೇಲೆ ಮೂರ್ತಿ ಕೆಸರಿನಲ್ಲೇ ಮಲಗಿತ್ತು. ಬಾವಿಯಿಂದ ಕಲ್ಲು ಎತ್ತಿದವರಿಗೆ ಗೊತ್ತು, ನೀರೊಳಗೆ ಇರುವ ತನಕ ಹಗುರ, ಮೇಲೆ ಬಂದ ಕೂಡಲೇ ಹಗ್ಗ ಕಿರುಗುಟ್ಟುತ್ತದೆ. ಇಂಥ ಕಲ್ಲು ನೀರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ನೀರಿನಿಂದ ಹೊರಗೆ ತರುವ ಹೊತ್ತೇ ಕಠಿಣ. ಅಂತೂ ಮೂರ್ತಿ ಮೇಲೆದ್ದಿತು. 1992ನೇ ಡಿಸೆಂಬರ್ 1ರಂದು ಕೆರೆ ನಡುವಿನ ಜಿಬ್ರಾಲ್ಟರ್ ಬಂಡೆಯ ಮೇಲೆ ಅದನ್ನು ನಿಲ್ಲಿಸಿದರು. ಮುಂದೆ 2006ರಲ್ಲಿ ದಲೈ ಲಾಮಾ ಅವರು ಬಂದು ಪೂಜಾವಿಧಿ ನೆರವೇರಿಸಿದರು. ಲುಂಬಿನಿ ಪಾರ್ಕಿನಿಂದ ದೋಣಿ ಹತ್ತಿದರೆ ಮೂರ್ತಿಯ ಪಾದದ ತನಕ ಹೋಗಬಹುದು.