ಜೇಮ್ಸ್ ಕೊಲ್ಲಿ: ಬೇಟೆಗಾರರ ನೆಲ, ಬಂಡವಾಳಗಾರರ ಲೆಕ್ಕ

ಕೆನಡಾದ ಕ್ವಿಬೆಕ್ ಪ್ರಾಂತದ ಪ್ರೀಮಿಯರ್ (ನಮ್ಮಲ್ಲಿಯ ಮುಖ್ಯಮಂತ್ರಿ ಇದ್ದ ಹಾಗೆ) ರಾಬರ್ಟ್ ಬುರಾಸಾ 1971ರ ಏಪ್ರಿಲ್ 30ರಂದು ತಮ್ಮ ಪಕ್ಷದ ಸಮಾವೇಶದಲ್ಲಿ ಒಂದು ಭಾರಿ ಜಲವಿದ್ಯುತ್ ಯೋಜನೆಯನ್ನು ಪ್ರಕಟಿಸಿದರು. ಉತ್ತರದಲ್ಲಿ ಜೇಮ್ಸ್ ಕೊಲ್ಲಿಗೆ ಹರಿಯುವ ನದಿಗಳಿಗೆ ಅಣೆಕಟ್ಟು ಕಟ್ಟುವ ಅದನ್ನು 'ಶತಮಾನದ ಯೋಜನೆ' ಎಂದು ಕರೆಯಲಾಯಿತು. ಆ ನದಿಗಳ ಆಸುಪಾಸಿನಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕುತ್ತಿದ್ದ ಐದಾರು ಸಾವಿರ ಕ್ರೀ ಜನರಿಗೆ ಮಾತ್ರ ಯಾರೂ ಒಂದು ಮಾತು ಹೇಳಿರಲಿಲ್ಲ. ಮನೆಯೊಳಗೆ ನೀರು ಬರಲಿದೆಯೆಂಬ ಸುದ್ದಿಯನ್ನು ಅವರು ಎಲ್ಲರಂತೆ ಪತ್ರಿಕೆ, ರೇಡಿಯೊಗಳಿಂದಲೇ ತಿಳಿಯಬೇಕಾಯಿತು.

ಕ್ರೀಗಳ ಯುವ ಮುಖ್ಯಸ್ಥ ಬಿಲ್ಲಿ ಡೈಮಂಡ್ ಮತ್ತು ಸಂಗಡಿಗರು ಚದುರಿದ ಹಳ್ಳಿಗಳನ್ನು ಒಂದುಗೂಡಿಸಿ ನ್ಯಾಯಾಲಯಕ್ಕೆ ಹೋದರು. ಅವರ ಕೈಗೆ ಸಿಕ್ಕ ಆಯುಧವೆಂದರೆ ಹಳೆಯದೊಂದು ಕಾನೂನು. 1670ರಲ್ಲಿ ಇಂಗ್ಲೆಂಡಿನ ದೊರೆ ಈ ಸೀಮೆಯನ್ನೆಲ್ಲ ಹಡ್ಸನ್ ಬೇ ಕಂಪನಿಗೆ ಬರೆದುಕೊಟ್ಟಿದ್ದ. 1870ರಲ್ಲಿ ಅದು ಕೆನಡಾಕ್ಕೆ ಬಂತು. ಕ್ರೀಗಳು ವಾಸಿಸುತ್ತಿದ್ದ ಉತ್ತರ ಭಾಗ 1912ರ ಹೊತ್ತಿಗೆ ಕ್ವಿಬೆಕ್‌ಗೆ ಸೇರಿತು. ಆದರೆ 1912ರ ಕಾಯಿದೆಯಲ್ಲಿ ಒಂದು ಷರತ್ತಿತ್ತು: ಅಲ್ಲಿನ ಮೂಲನಿವಾಸಿಗಳ ಹಕ್ಕನ್ನು ಮಾನ್ಯ ಮಾಡಿ, ಅದನ್ನು ಅವರಿಂದ ಒಪ್ಪಿಸಿಕೊಳ್ಳುವುದು ಪ್ರಾಂತದ ಹೊಣೆ. ಸುಮಾರು 60 ವರ್ಷ ಆ ಷರತ್ತು ಕಡತದಲ್ಲೇ ಮಲಗಿತ್ತು. ಎಬ್ಬಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಮಾಂಟ್ರಿಯಲ್‌ನಲ್ಲಿ 71 ದಿನ ವಿಚಾರಣೆ ನಡೆಯಿತು. ಕಾಡಿನಿಂದ ಬಂದ ಬೇಟೆಗಾರರು ತಮ್ಮ ಭಾಷೆಯಲ್ಲಿ ಸಾಕ್ಷಿ ಹೇಳಿದರು. ಸತ್ಯವನ್ನೇ ಹೇಳುವುದಾಗಿ ಪ್ರಮಾಣ ಮಾಡಲು ಕೇಳಿದಾಗ ಒಬ್ಬ ಮುದುಕ, ಸತ್ಯ ಹೇಳಬಲ್ಲೆನೋ ಇಲ್ಲವೋ, ತನಗೆ ಗೊತ್ತಿರುವುದನ್ನು ಮಾತ್ರ ಹೇಳಬಲ್ಲೆ ಎಂದನೆಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ನ್ಯಾಯಾಧೀಶ ಆಲ್ಬರ್ಟ್ ಮಲೂಫ್ 1973ರ ನವೆಂಬರ್ 15ರಂದು ಕಾಮಗಾರಿಗೆ ತಡೆಯಾಜ್ಞೆ ಕೊಟ್ಟರು. ಬುಲ್ಡೋಜರುಗಳು ನಿಂತದ್ದು ಒಂದೇ ವಾರ. ಕೆಲವೇ ಸಾವಿರ ಜನರ ಹಿತಕ್ಕಿಂತ ಲಕ್ಷಾಂತರ ಜನರ ಅನುಕೂಲ ದೊಡ್ಡದೆಂದು ಮೇಲಿನ ನ್ಯಾಯಾಲಯ ಆಜ್ಞೆಯನ್ನು ಅಮಾನತಿನಲ್ಲಿಟ್ಟಿತು.

ಗೆದ್ದ ಮೇಲೂ ಸರ್ಕಾರ ಮಾತುಕತೆಗೆ ಕುಳಿತದ್ದೇಕೆ? ಜಮೀನು ಕೊಳ್ಳುವವನು ಮೊದಲು ಋಣಭಾರ ಪತ್ರ ನೋಡುತ್ತಾನೆ. ಸಾಲ ಕೊಡುವವನೂ ಹಾಗೆಯೇ. ಯೋಜನೆಗೆ ಬೇಕಾದ ಅಪಾರ ಹಣ ಸಾಲದಿಂದಲೇ ಬರಬೇಕಿತ್ತು. ಅದೇ ವರ್ಷದ ಜನವರಿಯಲ್ಲಿ ನಿಸ್ಗಾ ಜನರ ಕಾಲ್ಡರ್ ಮೊಕದ್ದಮೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಬಿಳಿಯರು ಬರುವ ಮೊದಲಿನ ಭೂಹಕ್ಕು ಕಾನೂನಿನಲ್ಲಿ ಉಂಟೆಂದು ಒಪ್ಪಿತ್ತು. ಆ ಹಕ್ಕು ಇನ್ನೂ ಉಳಿದಿದೆಯೇ ಎಂಬ ಬಗ್ಗೆ ನ್ಯಾಯಮೂರ್ತಿಗಳು ಮೂವರಿಗೆ ಮೂವರಂತೆ ಒಡೆದಿದ್ದರು. ಅರ್ಧ ಕಟ್ಟಿದ ಅಣೆಕಟ್ಟಿನ ಮೇಲೆ ಇಂಥ ಸಂಶಯ ತೂಗಾಡುವುದು ಯಾವ ಹಣಕಾಸು ಮಂತ್ರಿಗೂ ಬೇಡವಾದ ಸಂಗತಿ.

1975ರ ನವೆಂಬರ್ 11ರಂದು ಒಪ್ಪಂದವಾಯಿತು. ಕ್ರೀ ಮತ್ತು ಇನೂಯಿಟ್ ಜನರಿಗೆ 22.5 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ನೆಲವನ್ನು ಮೂರು ವರ್ಗವಾಗಿ ಹಂಚಿ, ಊರುಗಳ ಸುತ್ತಲಿನದನ್ನು ಅವರಿಗೇ ಬಿಟ್ಟರು. ಎರಡನೆಯದರಲ್ಲಿ ಬೇಟೆ, ಮೀನುಗಾರಿಕೆಗಳ ಏಕಮಾತ್ರ ಹಕ್ಕು. ವರ್ಷದ ಬಹುಭಾಗ ಕಾಡಿನಲ್ಲೇ ಕಳೆಯುವ ಕ್ರೀ ಬೇಟೆಗಾರರಿಗೆ ಖಚಿತ ಆದಾಯ ಕೊಡುವ ವ್ಯವಸ್ಥೆಯೂ ಬಂತು. ಎಲ್ಲಕ್ಕಿಂತ ಬುದ್ಧಿವಂತಿಕೆಯ ಅಂಶ ಇದೇ ಎನ್ನಬೇಕು. ಬದಲಿಗೆ ತೆತ್ತ ಬೆಲೆಯೂ ಸಣ್ಣದಲ್ಲ: ಮಿಕ್ಕ ವಿಶಾಲ ಸೀಮೆಯ ಮೇಲಿನ ಪುರಾತನ ಹಕ್ಕನ್ನು ಬರೆದುಕೊಟ್ಟರು.

ಲಾ ಗ್ರಾಂಡ್ ನದಿಯಲ್ಲಿ 1979ರಿಂದ ವಿದ್ಯುತ್ ಹರಿಯಿತು. ಜಲಾಶಯಗಳ ಮೀನಿನಲ್ಲಿ ಪಾದರಸ ಸೇರಿತು. 1984ರಲ್ಲಿ ಕನಿಯಾಪಿಸ್ಕಾ ನದಿ ದಾಟುವಾಗ ಸುಮಾರು 10,000 ಕ್ಯಾರಿಬೂ ಜಿಂಕೆಗಳು ಮುಳುಗಿ ಸತ್ತವು. ಅಣೆಕಟ್ಟಿನಿಂದ ಬಿಟ್ಟ ನೀರೇ ಕಾರಣವೆಂದು ಮೂಲನಿವಾಸಿಗಳು ದೂರಿದರು. ವಿದ್ಯುತ್ ಸಂಸ್ಥೆ ಒಪ್ಪಲಿಲ್ಲ. ಒಪ್ಪಂದದ ಹಲವು ಭರವಸೆಗಳು ಕಾಗದದಲ್ಲೇ ಉಳಿದವು.

ಹಾಗಾಗಿ ಮುಂದಿನ ಹಂತವಾಗಿ ಗ್ರೇಟ್ ವೇಲ್ ನದಿಗೆ ಕೈ ಹಾಕಿದಾಗ ಕ್ರೀಗಳು ಗ್ರಾಹಕರ ಮನೆ ಬಾಗಿಲಿಗೇ ಹೋದರು. ಅರ್ಧ ಕ್ಯಾನೂ, ಅರ್ಧ ಕಯಾಕ್ ಆದ 'ಒಡೆಯಾಕ್' ಎಂಬ ದೋಣಿ 1990ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಮುಟ್ಟಿತು. 1992ರಲ್ಲಿ ನ್ಯೂಯಾರ್ಕ್ ರಾಜ್ಯ ಸುಮಾರು 1,700 ಕೋಟಿ ಡಾಲರ್‌ಗಳ ವಿದ್ಯುತ್ ಖರೀದಿ ಕರಾರನ್ನು ರದ್ದುಮಾಡಿತು. ಬೇಡಿಕೆ ಕುಸಿದದ್ದೂ ಕಾರಣವೇ, ದೋಣಿಯೊಂದಕ್ಕೇ ಕೀರ್ತಿ ಸಲ್ಲದು. 1994ರಲ್ಲಿ ಯೋಜನೆ ಮೂಲೆಗೆ ಸರಿಯಿತು.

2002ರ ಫೆಬ್ರವರಿ 7ರಂದು ಬರ್ನಾರ್ಡ್ ಲಾಂಡ್ರಿ ಮತ್ತು ಕ್ರೀ ನಾಯಕ ಟೆಡ್ ಮೋಸೆಸ್ 'ವೀರರ ಶಾಂತಿ' ಎಂಬ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಅವಧಿ 50 ವರ್ಷ. ಮೂರನೆಯ ವರ್ಷದಿಂದ ವಾರ್ಷಿಕ ಕನಿಷ್ಠ 7 ಕೋಟಿ ಡಾಲರ್. ವಿದ್ಯುತ್, ಗಣಿ, ಮರಗಳ ಉತ್ಪನ್ನ ಏರಿದರೆ ಈ ಮೊತ್ತವೂ ಏರುತ್ತದೆ. ಕ್ರೀಗಳು ದಾವೆಗಳನ್ನು ಹಿಂತೆಗೆದು ರೂಪರ್ಟ್ ನದಿಯ ತಿರುವಿಗೆ ಸಮ್ಮತಿಸಿದರು. ನದಿಯನ್ನೇ ನಂಬಿದ ಕೆಲವು ಹಳ್ಳಿಗಳು ಕೊನೆಯವರೆಗೂ ಒಪ್ಪಲಿಲ್ಲ. 2009ರಲ್ಲಿ ಅದರ ಬಹುಪಾಲು ನೀರು ತಿರುಗಿತು.

ಇಲ್ಲಿಂದ ಮುಂದೆ ಹೂಡಿಕೆದಾರರ ಲೆಕ್ಕ ಬದಲಾಯಿತು. ಎಲಿಯೊನೋರ್ ಚಿನ್ನದ ಗಣಿಗೆ ಗೋಲ್ಡ್‌ಕಾರ್ಪ್ ಕಂಪನಿ 2011ರಲ್ಲಿ ವೆಮಿಂಜಿಯ ಕ್ರೀಗಳೊಡನೆ ಒಪ್ಪಂದ ಮಾಡಿಕೊಂಡಿತು; 2014ರಲ್ಲಿ ಚಿನ್ನ ಹೊರಬಂತು. ಮಿಸ್ಟಿಸಿನಿಯ ಉತ್ತರದಲ್ಲಿ ಯುರೇನಿಯಂ ಹುಡುಕಿದ ಸ್ಟ್ರಾಟೆಕೊ ಕಂಪನಿಯ ಕಥೆ ಬೇರೆ. ಅದಕ್ಕೆ 2012ರಲ್ಲಿ ಒಟ್ಟಾವಾದ ಅಣು ನಿಯಂತ್ರಣ ಆಯೋಗದ ಪರವಾನಗಿಯೂ ದೊರೆತಿತ್ತು. ಕ್ರೀಗಳು ಮಾತ್ರ ಬೇಡವೆಂದರು. ಸ್ಥಳೀಯರ ಸಮ್ಮತಿ ಇಲ್ಲವೆಂದು ಕ್ವಿಬೆಕ್ 2013ರಲ್ಲಿ ಅನುಮತಿ ನಿರಾಕರಿಸಿತು. ಕಂಪನಿ ಸುಮಾರು 19 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿ 2017ರಲ್ಲಿ ಸೋತಿತು, 2020ರ ಜನವರಿಯಲ್ಲಿ ಮೇಲ್ಮನವಿಯಲ್ಲೂ ಸೋತಿತು. ಸಮ್ಮತಿಯ ಪ್ರಶ್ನೆಯನ್ನು ಸರ್ಕಾರ ಪರಿಗಣಿಸಿದ್ದು ತಪ್ಪಲ್ಲವೆಂದು ನ್ಯಾಯಾಲಯ ಹೇಳಿತು. ಯುರೇನಿಯಂ ನೆಲದಲ್ಲೇ ಉಳಿಯಿತು.