ಭೂಗತ ಕೇಬಲ್ (ಮನೆಯ ವರ್ಕ್‌ಶಾಪಿಗೆ)

ಮನೆಯ ಮುಖ್ಯ ಡಿಬಿಯಿಂದ (ವಿದ್ಯುತ್ ಹಂಚಿಕೆ ಪೆಟ್ಟಿಗೆಯಿಂದ) ಹಿತ್ತಲಿನ ಮರಗೆಲಸ ಅಥವಾ ವೆಲ್ಡಿಂಗ್ ಶೆಡ್ಡಿಗೆ ಮಣ್ಣಿನಡಿಯಲ್ಲಿ ವಿದ್ಯುತ್ ಒಯ್ಯುವ ವ್ಯವಸ್ಥೆ. ಮೇಲಿಂದ ಎಳೆದ ತಂತಿಯ ಮೇಲೆ ತೆಂಗಿನ ಗರಿ ಬೀಳುವ, ಏಣಿ ತಾಗುವ ಭಯ ಇಲ್ಲಿಲ್ಲ. ಮುಚ್ಚಿದ ಮೇಲೆ ದೋಷ ಹುಡುಕುವುದು ಮಾತ್ರ ಕಷ್ಟ.

ಭಾರತದಲ್ಲಿ ಇದಕ್ಕೆ ಆರ್ಮರ್ಡ್ ಕೇಬಲನ್ನೇ ಹೂಳುತ್ತಾರೆ. ಇನ್ಸುಲೇಷನ್ ಮೇಲೆ ಸುತ್ತಿದ ಸತು ಲೇಪಿತ ಉಕ್ಕಿನ ಕವಚ ಗುದ್ದಲಿಯ ಏಟನ್ನೂ ಹೆಗ್ಗಣದ ಹಲ್ಲನ್ನೂ ಬಹುಮಟ್ಟಿಗೆ ತಡೆಯುತ್ತದೆ. ಗೋಡೆಯೊಳಗಿನ ಸಾಮಾನ್ಯ ವೈರನ್ನು ಪೈಪಿಗೆ ತುರುಕಿ ಹೂಳುವುದು ಸಲ್ಲದು. ಪೈಪಿನಲ್ಲಿ ನೀರು ನಿಂತೇ ನಿಲ್ಲುತ್ತದೆ. ಕೇಬಲ್ ಹಾಕುವ ಭಾರತೀಯ ಮಾನಕ ಐಎಸ್ 1255 (1983) ಕಡಿಮೆ ವೋಲ್ಟೇಜ್ ಕೇಬಲಿಗೆ ಹೇಳುವ ಆಳ 75 ಸೆಂ.ಮೀ. ಕೆಳಗೂ ಮೇಲೂ ಮರಳು ಹಾಸಿ, ಅದರ ಮೇಲೆ ಇಟ್ಟಿಗೆ ಜೋಡಿಸಿ, ಮಣ್ಣು ಮುಚ್ಚುವಾಗ ನಡುವೆ ಎಚ್ಚರಿಕೆಯ ಪಟ್ಟಿ ಬಿಡುತ್ತಾರೆ.

ಕೇಬಲಿನ ಗಾತ್ರವನ್ನು ಹೊರೆಯ ಜೊತೆಗೆ ದೂರವೂ ನಿರ್ಧರಿಸುತ್ತದೆ. 40 ಮೀಟರ್ ದೂರಕ್ಕೆ 20 ಆಂಪಿಯರ್ ಹರಿದರೆ 2.5 ಚದರ ಮಿ.ಮೀ. ತಾಮ್ರದಲ್ಲಿ 230 ವೋಲ್ಟಿನ ಪೈಕಿ ಸುಮಾರು 11 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ; 4 ಚದರ ಮಿ.ಮೀ. ಆದರೆ 7. ಮೋಟಾರು ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ, ಸಣ್ಣ ಕೇಬಲಿನ ತುದಿಯ ಕಂಪ್ರೆಸರ್ ತಿರುಗಲಾರದೆ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಕಾಲುವೆ ತೋಡುವ ಕೂಲಿ ಹೇಗೂ ಒಂದೇ. ಒಂದು ಗಾತ್ರ ದೊಡ್ಡದನ್ನು ಹಾಕುವುದೇ ಜಾಣತನ.

ಅತಿ ಹೆಚ್ಚು ಉದಾಸೀನ ಆಗುವುದು ಅರ್ಥಿಂಗ್ ವಿಷಯದಲ್ಲಿ. ಶೆಡ್ ಪಕ್ಕ ಒಂದು ರಾಡ್ ಹೊಡೆದರೆ ಸಾಕೆಂಬ ನಂಬಿಕೆ ಅಪಾಯಕಾರಿ. ಅದರ ರೋಧ 10 ಓಮ್ ಇದ್ದರೆ, ಯಂತ್ರದ ಮೈಗೆ ಫೇಸ್ ತಗುಲಿದಾಗ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್; 20 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್) ಅಷ್ಟಕ್ಕೆ ಬಹಳ ಹೊತ್ತು ಬೀಳದೇ ಇರಬಹುದು, ಯಂತ್ರದ ಮೈಯಲ್ಲಿ ಕರೆಂಟ್ ಉಳಿದೇ ಇರುತ್ತದೆ. ಆದ್ದರಿಂದ ಶೆಡ್ಡಿನ ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು. ಕೇಬಲಿನ ಉಕ್ಕಿನ ಕವಚವನ್ನು ಗ್ಲ್ಯಾಂಡ್ (ಕೇಬಲಿನ ತುದಿಯನ್ನು ಪೆಟ್ಟಿಗೆಗೆ ಬಿಗಿಯುವ ಲೋಹದ ಜೋಡಣೆ) ಮೂಲಕ ಬಿಗಿಯಾಗಿ ಅರ್ಥ್‌ಗೆ ಜೋಡಿಸಿ, ಪ್ರತ್ಯೇಕ ಅರ್ಥ್ ತಂತಿಯನ್ನೂ ಎಳೆಯಬೇಕು. ಕೇಬಲಿನ ರಕ್ಷಣೆಗೆ ಮನೆಯ ತುದಿಯಲ್ಲಿ ಅದರ ಗಾತ್ರಕ್ಕೆ ತಕ್ಕ ಎಂಸಿಬಿ ಬೇಕು.

ಮಣ್ಣು ಮುಚ್ಚುವ ಮುನ್ನ ಮೆಗ್ಗರ್ (ಇನ್ಸುಲೇಷನ್ ರೋಧ ಅಳೆಯುವ ಉಪಕರಣ) ಹಿಡಿದು ಇನ್ಸುಲೇಷನ್ ಪರೀಕ್ಷಿಸುತ್ತಾರೆ. ಮುಚ್ಚಿದ ಮೇಲೆ ಇನ್ನೊಮ್ಮೆ. ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಶೆಡ್ಡಿನಲ್ಲಿ ವ್ಯಾಪಾರ ನಡೆಸುವುದಾದರೆ ಗೃಹಬಳಕೆಯ ಸಂಪರ್ಕ ಸಾಲದು, ಎಸ್ಕಾಂನಿಂದ (ವಿದ್ಯುತ್ ಸರಬರಾಜು ಕಂಪನಿಯಿಂದ) ಬೇರೆ ವರ್ಗದ ಸಂಪರ್ಕ ಪಡೆಯಬೇಕಾಗುತ್ತದೆ.